ದೂರು: ಸೌತ್ ಲುವಾಂಗ್ವಾ ಸಫಾರಿ ಪ್ಯಾಕೇಜ್, ದಸರಾ ರಜೆಯ ಬ್ಯಾಚ್

ವ್ಯವಸ್ಥಾಪಕರಿಗೆ,

ನಮಸ್ಕಾರ ಸರ್,

ದಸರಾ ರಜೆಗೆ ನೀವು ಆಫ್ರಿಕಾದ ಜಾಂಬಿಯಾ ದೇಶದ ಸೌತ್ ಲುವಾಂಗ್ವಾ ರಾಷ್ಟ್ರೀಯ ಉದ್ಯಾನಕ್ಕೆ ಕರೆದುಕೊಂಡು ಹೋದ ಗುಂಪಿನಲ್ಲಿ ನಾನು ಮತ್ತು ನಮ್ಮ ಯಜಮಾನರು ಇದ್ದೆವು. ವಾಪಸ್ ಬಂದ ಮೇಲೆ ನಿಮ್ಮ ಆಫೀಸಿಗೆ ಫೋನ್ ಮಾಡಿದೆ. ಫೋನ್ ತೆಗೆದ ಹುಡುಗಿ ಪಾಪ ಚೆನ್ನಾಗಿಯೇ ಮಾತಾಡಿದಳು, ಎಲ್ಲಾ ಬರೆದುಕೊಂಡಳು. ಆಮೇಲೆ ಯಾರೂ ತಿರುಗಿ ಫೋನ್ ಮಾಡಲಿಲ್ಲ. ವಾಟ್ಸಾಪ್ ಗ್ರೂಪಿನಲ್ಲಿ ಕೇಳಿದರೆ ಫೀಡ್‌ಬ್ಯಾಕ್ ಫಾರ್ಮ್ ತುಂಬಿ ಅಂದರು. ಆ ಫಾರ್ಮಿನಲ್ಲಿ ರೂಮಿಗೆ ಎಷ್ಟು ಸ್ಟಾರ್, ಊಟಕ್ಕೆ ಎಷ್ಟು ಸ್ಟಾರ್ ಅಂತ ಇದೆ, ನನ್ನ ದೂರು ಬರೆಯೋಕೆ ಜಾಗವೇ ಇಲ್ಲ. ಅದಕ್ಕೆ ಈ ಪತ್ರ.

ಮೊದಲೇ ಹೇಳಿಬಿಡುತ್ತೇನೆ, ಅಲ್ಲಿನ ಕ್ಯಾಂಪಿನವರ ಮೇಲೆ ನನಗೆ ಯಾವ ದೂರೂ ಇಲ್ಲ. ಅಡುಗೆಯವರು, ಗೈಡು, ರಾತ್ರಿ ಟೆಂಟಿನವರೆಗೆ ಟಾರ್ಚ್ ಹಿಡಿದು ಬಿಟ್ಟು ಬರುವ ಕಾವಲಿನವರು, ಎಲ್ಲರೂ ಬಂಗಾರದಂಥ ಜನ. ನೀವು ಇಲ್ಲಿಂದ ಹೊತ್ತುಕೊಂಡು ಹೋದ ರೆಡಿಮೇಡ್ ಉಪ್ಪಿಟ್ಟಿನ ಪ್ಯಾಕೆಟ್ಟಿಗಿಂತ ಅವರು ಮಾಡಿಕೊಟ್ಟ ನ್ಶಿಮಾ ನಮಗೆ ಹಿಡಿಸಿತು. ಮುಸುಕಿನ ಜೋಳದ ಹಿಟ್ಟಿನದು, ನಮ್ಮ ಮುದ್ದೆ ಥರಾನೇ ಕೈಯಲ್ಲಿ ಮುರಿದು ತಿನ್ನೋದು, ಜೊತೆಗೆ ಕುಂಬಳ ಸೊಪ್ಪಿಗೆ ಕಡಲೆಕಾಯಿ ಪುಡಿ ಹಾಕಿದ ಪಲ್ಯ. ನನ್ನ ದೂರು ಇರೋದು ನಿಮ್ಮ ಮೇಲೆ, ಮತ್ತು ನೀವು ಕಳಿಸಿದ ಟೂರ್ ಮ್ಯಾನೇಜರ್ ಮೇಲೆ.

ನಾವು ಈ ಪ್ಯಾಕೇಜ್ ತೆಗೆದುಕೊಂಡಿದ್ದೇ ನಡಿಗೆ ಸಫಾರಿಗಾಗಿ. ಇದನ್ನು ಬುಕ್ ಮಾಡುವಾಗಲೇ ನಿಮ್ಮವರಿಗೆ ಬಿಡಿಸಿ ಹೇಳಿದ್ದೆ. ನಾವು ಮೈಸೂರಿನವರು, ನಾಗರಹೊಳೆ, ಕಬಿನಿ ಸುತ್ತಿಕೊಂಡೇ ಇರುವವರು. ಅಲ್ಲಿ ಸಫಾರಿ ಅಂದರೆ ಜೀಪು, ಬಸ್ಸು ಇಲ್ಲಾ ದೋಣಿ, ಕಾಲು ಕೆಳಗೆ ಇಡುವ ಹಾಗಿಲ್ಲ. ಅದು ಅಲ್ಲಿಗೆ ಸರಿಯಾದ ನಿಯಮ. ಆದರೆ ಕಾಡಿನಲ್ಲಿ ನಡೆಯಬೇಕು, ಹೆಜ್ಜೆ ಗುರುತು ನೋಡಬೇಕು, ಲದ್ದಿ ನೋಡಿ ಆನೆ ಎಷ್ಟು ಹೊತ್ತಿನ ಹಿಂದೆ ಹೋಯಿತು ಅಂತ ತಿಳಿಯಬೇಕು ಅನ್ನೋ ಆಸೆ ನಮಗೆ ಮೊದಲಿಂದಲೂ ಇತ್ತು. ಅದಕ್ಕೆ ಸೌತ್ ಲುವಾಂಗ್ವಾಗಿಂತ ಒಳ್ಳೆಯ ಜಾಗ ಇಲ್ಲ ಅಂತ ಓದಿದ್ದೆವು. 1950ರಲ್ಲಿ ವನ್ಯಜೀವಿ ಸಂರಕ್ಷಕ ನಾರ್ಮನ್ ಕಾರ್ ಅಲ್ಲಿನ ಬುಡಕಟ್ಟಿನ ಮುಖ್ಯಸ್ಥ ನ್ಸೆಫು ಅವರ ಜೊತೆ ಸೇರಿ ಕ್ಯಾಂಪ್ ಶುರು ಮಾಡಿದರು. ಬಂದವರು ಬಂದೂಕಿನ ಬದಲು ಕ್ಯಾಮೆರಾ ಹಿಡಿದು ನೋಡಲಿ, ಅದರಿಂದ ಬಂದ ದುಡ್ಡಿನಲ್ಲಿ ಊರಿನವರಿಗೂ ಪಾಲು ಸಿಗಲಿ ಅನ್ನೋ ಯೋಚನೆ ಅವರದು. ಕಾಲ್ನಡಿಗೆಯ ಸಫಾರಿ ಇವತ್ತು ಆಫ್ರಿಕಾದ ಬೇರೆ ಬೇರೆ ಕಡೆ ಇದೆ, ಆದರೆ ಅದು ಬೇರು ಬಿಟ್ಟಿದ್ದು ಈ ಲುವಾಂಗ್ವಾ ನದಿಯ ಕಣಿವೆಯಲ್ಲಿ. ನಿಮ್ಮ ಬ್ರೋಶರಿನಲ್ಲೂ ದೊಡ್ಡ ಅಕ್ಷರದಲ್ಲಿ "ನಡಿಗೆ ಸಫಾರಿಯ ತವರಿನಲ್ಲಿ ನಡೆಯಿರಿ" ಅಂತ ಹಾಕಿದ್ದೀರಿ.

ನಾವು ಒಂದು ಹೆಜ್ಜೆಯೂ ನಡೆಯಲಿಲ್ಲ ಸರ್.

ಮೊದಲ ಬೆಳಿಗ್ಗೆ ಇನ್ನೂ ಕತ್ತಲಿರುವಾಗಲೇ ಎದ್ದು ಶೂ ಹಾಕಿಕೊಂಡು ಕೂತಿದ್ದೆವು. ಟೂರ್ ಮ್ಯಾನೇಜರ್ ಬಂದು ಇವತ್ತು ಸೇಫ್ಟಿ ತೊಂದರೆ ಇದೆ, ನಾಳೆ ನೋಡೋಣ ಅಂದರು. ಮಾರನೇ ದಿನವೂ ಅದೇ ಮಾತು. ಆಮೇಲೆ ನಾನೇ ಹೋಗಿ ಕ್ಯಾಂಪಿನವರನ್ನು ಕೇಳಿದೆ. ಆಗ ಗೊತ್ತಾಯಿತು, ನೀವು ನಡಿಗೆಗೆ ಬುಕ್ಕೇ ಮಾಡಿರಲಿಲ್ಲ. ಅಲ್ಲಿ ನಡಿಗೆಗೆ ಹೊರಟರೆ ವನ್ಯಜೀವಿ ಇಲಾಖೆಯ ಬಂದೂಕುಧಾರಿ ಸ್ಕೌಟ್ ಒಬ್ಬರು ಮುಂದೆ ಇರಬೇಕು, ಅವರ ಹಿಂದೆ ತರಬೇತಿ ಪಡೆದ ಗೈಡು, ಅವರ ಹಿಂದೆ ಸಾಲಾಗಿ ನಾವು. ದೊಡ್ಡ ಗುಂಪನ್ನು ಒಟ್ಟಿಗೆ ಬಿಡುವುದಿಲ್ಲ. 12 ವರ್ಷದೊಳಗಿನ ಮಕ್ಕಳನ್ನು ಕ್ಯಾಂಪಿನವರು ಕರೆದುಕೊಂಡು ಹೋಗುವುದಿಲ್ಲ. ನಮ್ಮ ಗುಂಪಿನಲ್ಲಿ ಎಷ್ಟು ಜನ ಇದ್ದೆವು, ಎಷ್ಟು ಚಿಕ್ಕ ಮಕ್ಕಳಿದ್ದರು ಅಂತ ನಿಮಗೆ ಗೊತ್ತಿತ್ತು ಅಲ್ವಾ? ಆ ಮಕ್ಕಳ ಅಪ್ಪ ಅಮ್ಮನಿಗೂ ನೀವು ಮೊದಲು ಹೇಳಿರಲಿಲ್ಲ, ಅವರೂ ಬೇಜಾರು ಮಾಡಿಕೊಂಡರು. ಸ್ಕೌಟ್ ಬೇಕು ಅಂತ ಮುಂಚೆಯೇ ಹೇಳಿ, ಗುಂಪನ್ನು ಚಿಕ್ಕದಾಗಿ ಒಡೆದಿದ್ದರೆ ಎಲ್ಲಾ ಸರಿಹೋಗುತ್ತಿತ್ತು. ಬುಕ್ ಮಾಡದೇ ಇರೋದನ್ನು ಸೇಫ್ಟಿ ಅಂತ ಹೇಳಿದ್ದು ಸುಳ್ಳು. ನಡಿಗೆಗೆ ಬದಲಾಗಿ ಪಾರ್ಕಿನ ಪಕ್ಕದ ಊರು ಎಂಫುವೆ ಕಡೆಯ ಅಂಗಡಿಗೆ ಕರೆದುಕೊಂಡು ಹೋಗಿ ಶಾಪಿಂಗ್ ಮಾಡಿಸಿದಿರಿ. ಅದನ್ನು ನಾನು ಬದಲಿ ಅಂತ ಒಪ್ಪಲ್ಲ.

ಇನ್ನು ಬ್ರೋಶರಿನ ವಿಷಯ. "ಬಿಗ್ ಫೈವ್ ಗ್ಯಾರಂಟಿ" ಅಂತ ಹಾಕಿದ್ದೀರಿ, ಅಂದರೆ ಸಿಂಹ, ಚಿರತೆ, ಆನೆ, ಕಾಡೆಮ್ಮೆ, ಘೇಂಡಾಮೃಗ ಐದೂ ಕಾಣುತ್ತವೆ ಅಂತ. ಪಕ್ಕದಲ್ಲೇ ಘೇಂಡಾಮೃಗದ ಫೋಟೋ. ನಮ್ಮ ಗುಂಪಿನಲ್ಲಿ ರಿಟೈರ್ ಆದ ಮೇಷ್ಟ್ರು ಒಬ್ಬರಿದ್ದರು, ಅವರು ಪ್ರತಿ ಸಲ ಜೀಪ್ ಹತ್ತುವಾಗಲೂ ಘೇಂಡಾಮೃಗ ಇವತ್ತು ಸಿಗುತ್ತಾ ಅಂತ ಕೇಳುತ್ತಿದ್ದರು. ಗೈಡ್ ಮುಖ ಸಣ್ಣದು ಮಾಡಿಕೊಂಡು ಮತ್ತೆ ಮತ್ತೆ ಹೇಳಬೇಕಾಯಿತು, ಈ ಪಾರ್ಕಿನಲ್ಲಿ ಘೇಂಡಾಮೃಗವೇ ಇಲ್ಲ ಅಂತ. ಒಂದು ಕಾಲಕ್ಕೆ ಲುವಾಂಗ್ವಾ ಕಣಿವೆಯಲ್ಲಿ ಸಾವಿರಾರು ಇದ್ದವಂತೆ. ಕೊಂಬಿಗಾಗಿ ಕಳ್ಳಬೇಟೆಯವರು ಒಂದೂ ಬಿಡದೆ ಮುಗಿಸಿದರು. 1998ರಲ್ಲಿ ಇಡೀ ಜಾಂಬಿಯಾದಲ್ಲೇ ಕಪ್ಪು ಘೇಂಡಾಮೃಗ ಅಳಿದು ಹೋಯಿತು ಅಂತ ಘೋಷಿಸಿದರು. 2003ರಿಂದ ಬೇರೆ ಕಡೆಯಿಂದ ತಂದು ಬಿಟ್ಟಿದ್ದಾರೆ, ಆದರೆ ಅದು ನಾರ್ತ್ ಲುವಾಂಗ್ವಾದಲ್ಲಿ. ಅದು ಬೇರೆ ಪಾರ್ಕು. ಅಷ್ಟು ನೋವಿನ ಚರಿತ್ರೆ ಇರುವ ಊರಿಗೆ ಹೋಗಿ, ಅಲ್ಲಿನವರ ಮುಂದೆ ನಿಂತು, ಘೇಂಡಾಮೃಗ ಗ್ಯಾರಂಟಿ ಇತ್ತಲ್ಲ ಎಲ್ಲಿ ಅಂತ ನಮ್ಮ ಬಾಯಲ್ಲಿ ಕೇಳಿಸಿದಿರಲ್ಲ, ಅದು ನನಗೆ ತುಂಬಾ ಬೇಸರ ತಂದಿತು. ಚೀತಾ ಫೋಟೋ ಬೇರೆ ಹಾಕಿದ್ದೀರಿ, ಜೊತೆಗೆ ವೈಲ್ಡ್‌ಬೀಸ್ಟ್ ಹಿಂಡು ನದಿ ದಾಟುವ ಚಿತ್ರ. ಅದು ಕೀನ್ಯಾದ ಮಸಾಯಿ ಮಾರಾ ಕಡೆಯದು.

ಆದರೆ ಅಲ್ಲಿ ನಿಜವಾಗಿ ಏನಿದೆ ಅನ್ನೋದು ಬ್ರೋಶರಿನಲ್ಲಿ ಒಂದು ಸಾಲೂ ಇಲ್ಲ. ಥಾರ್ನಿಕ್ರಾಫ್ಟ್ ಜಿರಾಫೆ ಪ್ರಪಂಚದಲ್ಲಿ ಆ ಕಣಿವೆ ಬಿಟ್ಟರೆ ಬೇರೆಲ್ಲೂ ಕಾಡಿನಲ್ಲಿ ಇಲ್ಲ. ಅಕ್ಟೋಬರಿನಲ್ಲಿ ಹೊಳೆ ಇಳಿದಿರುತ್ತದೆ, ಕಡಿದಾದ ಮಣ್ಣಿನ ದಡದ ತುಂಬಾ ತೂತುಗಳು, ಪ್ರತಿ ತೂತಿಗೂ ಒಂದು ಕೆಂಪು ಕಳ್ಳಿಪೀರ. ನಮ್ಮ ಹಸಿರು ಕಳ್ಳಿಪೀರಕ್ಕಿಂತ ದೊಡ್ಡ ಹಕ್ಕಿ. ಮೈ ಗಾಢ ಗುಲಾಬಿ ಕೆಂಪು, ನೆತ್ತಿ ನೀಲಿ ಹಸಿರು. ಒಂದು ಬಂದು ಕೂರುತ್ತೆ, ಬಾಯಲ್ಲಿ ದುಂಬಿ ಇರುತ್ತೆ, ಅದನ್ನು ಕೊಂಬೆಗೆ ಬಡಿದು ಸಾಯಿಸಿ ತೂತಿನೊಳಗೆ ನುಗ್ಗುತ್ತೆ, ಅಷ್ಟರಲ್ಲಿ ಪಕ್ಕದ ತೂತಿಂದ ಇನ್ನೊಂದು ಹೊರಗೆ ಹಾರುತ್ತೆ. ಗೈಡ್ ಇಂಜಿನ್ ಆಫ್ ಮಾಡಿ ತೋರಿಸುತ್ತಿದ್ದರು. ನಿಮ್ಮ ಟೂರ್ ಮ್ಯಾನೇಜರ್ ವಾಚ್ ನೋಡಿಕೊಂಡು, "ಹಕ್ಕಿ ತಾನೇ, ನಮ್ಮೂರಲ್ಲೂ ಇವೆ, ನಡೀರಿ ಚಿರತೆ ನೋಡೋಣ" ಅಂದರು. ಗುಂಪಿನಲ್ಲಿ ಅರ್ಧ ಜನಕ್ಕೆ ಇನ್ನೂ ನೋಡೋ ಆಸೆ ಇತ್ತು. ಜೀಪ್ ಹೊರಟೇಬಿಟ್ಟಿತು.

ಈಗ ಹೇಳೋದು ನನ್ನ ದೊಡ್ಡ ದೂರು. ಇದನ್ನು ದಯವಿಟ್ಟು ಗಮನವಿಟ್ಟು ಓದಿ.

ಆ ಪಾರ್ಕಿನಲ್ಲಿ ರಾತ್ರಿ ಸಫಾರಿಗೆ ಅವಕಾಶ ಇದೆ, ನಮ್ಮ ನಾಗರಹೊಳೆಯಲ್ಲಿ ಅದು ಇಲ್ಲ. ಸ್ಪಾಟರ್ ಅಂತ ಒಬ್ಬರು ಮುಂದೆ ಕೂತು ಲೈಟ್ ಆಡಿಸುತ್ತಾ ಹೋಗುತ್ತಾರೆ, ಕಣ್ಣು ಹೊಳೆದರೆ ನಿಲ್ಲಿಸುತ್ತಾರೆ. ಅವತ್ತು ಒಂದು ಹೆಣ್ಣು ಚಿರತೆ ಸಿಕ್ಕಿತು. ಹುಲ್ಲಿನಲ್ಲಿ ಹೊಟ್ಟೆ ನೆಲಕ್ಕೆ ತಾಗಿಸಿಕೊಂಡು ನಿಧಾನವಾಗಿ ಹೋಗುತ್ತಿತ್ತು. ಮುಂದೆ ಪೂಕುಗಳ ಗುಂಪು ಇತ್ತು. ಪೂಕು ಅಂದರೆ ಅಲ್ಲಿನ ಹೊಳೆ ಬಯಲಲ್ಲಿ ಇರೋ ಕಂದು ಬಣ್ಣದ ಜಿಂಕೆಯಂಥ ಪ್ರಾಣಿ. ಗೈಡ್ ತಕ್ಷಣ ಲೈಟ್ ಇಳಿಸಿ ಅಂದರು, ಇಂಜಿನ್ ನಿಲ್ಲಿಸಿದರು. ಜಿಂಕೆ, ಪೂಕು ಇಂಥವುಗಳ ಮುಖಕ್ಕೆ ಲೈಟ್ ಬಿಟ್ಟರೆ ಕಣ್ಣು ಕತ್ತಲೆ ಬಂದು ಅಲ್ಲೇ ನಿಂತುಬಿಡುತ್ತವೆ, ಚಿರತೆಗೆ ಸುಲಭವಾಗಿ ಸಿಕ್ಕಿಬಿಡುತ್ತವೆ, ಹಾಗೆ ಮಾಡಬಾರದು ಅಂತ ಅವರು ಆ ಸಂಜೆ ಹೊರಡುವಾಗಲೇ ನಮಗೆಲ್ಲ ಹೇಳಿದ್ದರು. ನಿಮ್ಮ ಟೂರ್ ಮ್ಯಾನೇಜರ್ ಹಿಂದಿನ ಸೀಟಿನಿಂದ "ಲೈಟ್ ಹಾಕಿ, ಬೇಟೆ ಕಾಣಬೇಕು, ಕ್ಲೈಂಟ್‌ಗೆ ವಿಡಿಯೋ ಬೇಕು" ಅಂತ ಜೋರಾಗಿ ಹೇಳಿದರು. ಗೈಡ್ ಆಗಲ್ಲ ಅಂದರು. ಇವರು ಮುಂದೆ ಬಗ್ಗಿ ಡಾಲರ್ ನೋಟು ತೆಗೆದು ಸ್ಪಾಟರ್ ಹುಡುಗನ ಕೈಗೆ ತುರುಕಿದರು. ಆ ಹುಡುಗ ಗೈಡ್ ಮುಖ ನೋಡಿದ. ಇವರು ಮತ್ತೆ, ಟಿಪ್ ನಾನೇ ಕೊಡೋದು ನೆನಪಿರಲಿ ಅಂದರು. ಕೊನೆಗೆ ಲೈಟ್ ಪೂಕುಗಳ ಮೇಲೆ ಬಿತ್ತು, ಪೂಕು ಒಂದು ತಲೆ ಎತ್ತಿ ಹಾಗೇ ನಿಂತುಬಿಟ್ಟಿತು, ಬೆಳಕಿನಲ್ಲಿ ಅದರ ಕಿವಿ ಮಾತ್ರ ಆಡುತ್ತಿತ್ತು, ಅತ್ತ ಓಡಬೇಕೋ ಇತ್ತ ಓಡಬೇಕೋ ಅದಕ್ಕೆ ಗೊತ್ತಾಗುತ್ತಿರಲಿಲ್ಲ. ನಮ್ಮ ಯಜಮಾನರು ಲೈಟ್ ತೆಗೀರಿ ಅಂತ ಕೂಗಿದರು. ಆ ಕೂಗಿಗೆ ಚಿರತೆ ಬೆದರಿ ಪೊದೆಗೆ ನುಗ್ಗಿತು. ಆಮೇಲೆ ಕ್ಯಾಂಪಿಗೆ ಬರುವವರೆಗೆ ಗೈಡ್ ಒಂದು ಮಾತೂ ಆಡಲಿಲ್ಲ.

ಆ ಗೈಡಿನ ಬಗ್ಗೆ ಯೋಚನೆ ಮಾಡಿ ಸರ್. ಅವರು ಪರೀಕ್ಷೆ ಬರೆದು ಲೈಸೆನ್ಸ್ ತೆಗೆದುಕೊಂಡವರು. ಊರಿನವರ ಹೊಲಕ್ಕೆ ಆನೆ ನುಗ್ಗಿ ಜೋಳ ತಿಂದು ಹೋಗುತ್ತೆ, ಅಷ್ಟಾದರೂ ಜನ ಕಾಡು ಬೇಕು ಅಂತಾರೆ ಅಂದರೆ ಈ ಕೆಲಸಗಳು ಸಿಗ್ತಾ ಇರೋದೂ ಒಂದು ಕಾರಣ. ಅಂಥವರಿಗೆ ನಿಮ್ಮ ಕಂಪನಿಯವರು ನಿಯಮ ಮುರಿದರೆ ಮಾತ್ರ ದುಡ್ಡು ಅಂತ ಹೇಳಿದ್ದು ತಪ್ಪು, ಬಹಳ ದೊಡ್ಡ ತಪ್ಪು. ಸಿಕ್ಕಿಬಿದ್ದರೆ ಲೈಸೆನ್ಸ್ ಹೋಗೋದು ಅವರದು, ನಿಮ್ಮ ಟೂರ್ ಮ್ಯಾನೇಜರಿಗೆ ಏನೂ ಆಗಲ್ಲ. ಇದಕ್ಕೆಲ್ಲ ಬೇರು ಬ್ರೋಶರಿನ ಆ ಗ್ಯಾರಂಟಿ. ಗ್ಯಾರಂಟಿ ಅಂತ ಬರೆದು ಮಾರಿದ ಮೇಲೆ ಹೇಗಾದರೂ ತೋರಿಸಲೇಬೇಕು ಅನ್ನೋ ಒತ್ತಡ ಬರುತ್ತೆ, ಅದನ್ನು ಕಾಡಿನ ಮೇಲೆ, ಅಲ್ಲಿನವರ ಮೇಲೆ ಹಾಕುತ್ತೀರಿ.

ಟಿಪ್ ಅಂತ ಜಾಂಬಿಯಾದ ರಾಜಧಾನಿ ಲುಸಾಕಾದಲ್ಲೇ ಎಲ್ಲರ ಹತ್ತಿರ ಡಾಲರ್ ಸಂಗ್ರಹ ಮಾಡಿದಿರಿ. ಗೈಡ್, ಸ್ಪಾಟರ್, ಅಡುಗೆಯವರು, ಸ್ಕೌಟ್ ಅಂತ ಲೆಕ್ಕ ಹೇಳಿದ್ದಿರಿ. ಸ್ಕೌಟ್ ಬರಲೇ ಇಲ್ಲ. ಮಿಕ್ಕವರಿಗೆ ಎಷ್ಟು ಕೊಟ್ಟಿರಿ ಅನ್ನೋ ಲೆಕ್ಕ ನನಗೆ ಬೇಕು.

ಆರೋಗ್ಯದ ವಿಷಯದಲ್ಲೂ ನಿಮ್ಮ ಅಸಡ್ಡೆ ಜಾಸ್ತಿ. ಹೊರಡುವ ಮುಂಚಿನ ಮೀಟಿಂಗಿನಲ್ಲಿ ಸೊಳ್ಳೆ ಕ್ರೀಮ್ ಹಚ್ಚಿಕೊಂಡರೆ ಸಾಕು ಅಂದರು ನಿಮ್ಮವರು. ಲುವಾಂಗ್ವಾ ಕಣಿವೆ ಮಲೇರಿಯಾ ಇರುವ ಜಾಗ, ಡಾಕ್ಟರನ್ನು ಕೇಳಿ ಮಾತ್ರೆ ತೆಗೆದುಕೊಳ್ಳಬೇಕು. ನಮ್ಮ ಡಾಕ್ಟರು ಕೊಟ್ಟರು, ನಾವು ತೆಗೆದುಕೊಂಡೆವು, ಗುಂಪಿನಲ್ಲಿ ಎಷ್ಟೋ ಜನ ಸುಮ್ನೆ ಹಾಗೇ ಬಂದಿದ್ದರು. ಇನ್ನೊಂದು, ಎಲ್ಲರಿಗೂ ಕಂಪನಿ ಹೆಸರಿನ ಕಡುನೀಲಿ ಟೀಶರ್ಟ್ ಕೊಟ್ಟು ಗ್ರೂಪ್ ಫೋಟೋಗೆ ಹಾಕಿಕೊಳ್ಳಲೇಬೇಕು ಅಂದಿರಿ. ಅಲ್ಲಿ ಸೆಟ್ಸೆ ನೊಣ ಇದೆ. ಅದಕ್ಕೆ ನೀಲಿ ಮತ್ತು ಕಪ್ಪು ಬಣ್ಣ ಕಂಡರೆ ಮುತ್ತುತ್ತದೆ. ರಸ್ತೆ ಪಕ್ಕ ಮರಗಳಿಗೆ ನೀಲಿ ಕಪ್ಪು ಬಟ್ಟೆ ನೇತುಹಾಕಿರುತ್ತಾರೆ, ಅದಕ್ಕೆ ಔಷಧಿ ಸವರಿರುತ್ತಾರೆ, ನೊಣ ಬಂದು ಕೂತು ಸಾಯಲಿ ಅಂತ. ಅದೇ ಬಣ್ಣವನ್ನು ನಮಗೆ ತೊಡಿಸಿ ಕೂರಿಸಿದ್ದೀರಿ! ಬಟ್ಟೆ ಮೇಲಿಂದಲೇ ಕಚ್ಚುತ್ತೆ ಅದು. ಒಂದು ಮಗುವಿನ ಬೆನ್ನೆಲ್ಲಾ ದದ್ದು ಎದ್ದಿತ್ತು. ಖಾಕಿ, ಕಂದು, ಮಾಸಲು ಹಸಿರು ಬಟ್ಟೆ ತನ್ನಿ ಅಂತ ಒಂದು ಮೆಸೇಜ್ ಹಾಕಿದ್ದರೆ ಸಾಕಿತ್ತು. ಅಕ್ಟೋಬರ್ ಅಲ್ಲಿ ವರ್ಷದಲ್ಲೇ ಸುಡುವ ತಿಂಗಳು ಅನ್ನೋದನ್ನೂ ಹೇಳಿರಲಿಲ್ಲ, ಸ್ವೆಟರ್ ತನ್ನಿ ಅಂತ ಮಾತ್ರ ಪಟ್ಟಿಯಲ್ಲಿತ್ತು.

ನಾನು ಕೇಳುತ್ತಿರೋದು ಇಷ್ಟು. ಪ್ಯಾಕೇಜಿನಲ್ಲಿ ನಡಿಗೆ ಸಫಾರಿಗೆ ಅಂತ ಹಾಕಿದ ದುಡ್ಡನ್ನು ನಮಗಿಬ್ಬರಿಗೂ ವಾಪಸ್ ಕೊಡಿ, ಗುಂಪಿನಲ್ಲಿ ಬೇರೆ ಯಾರು ಕೇಳಿದರೂ ಅವರಿಗೂ ಕೊಡಿ. ಟಿಪ್ ಲೆಕ್ಕ ಬರವಣಿಗೆಯಲ್ಲಿ ಕಳಿಸಿ, ಉಳಿದಿದ್ದರೆ ಕ್ಯಾಂಪಿನ ಸಿಬ್ಬಂದಿಗೆ ತಲುಪಿಸಿ ರಸೀದಿ ತೋರಿಸಿ. ಆ ರಾತ್ರಿ ನಡೆದದ್ದಕ್ಕೆ ಗೈಡ್ ಮತ್ತು ಸ್ಪಾಟರ್ ಹುಡುಗನ ಕ್ಷಮೆ ಕೇಳಿ ಕ್ಯಾಂಪಿಗೆ ಪತ್ರ ಬರೆಯಿರಿ, ತಪ್ಪು ನಿಮ್ಮ ಕಡೆಯದು ಅಂತ ಅದರಲ್ಲಿ ಸ್ಪಷ್ಟವಾಗಿ ಇರಲಿ. ಆ ಟೂರ್ ಮ್ಯಾನೇಜರನ್ನು ಇನ್ನು ಮುಂದೆ ಯಾವ ಕಾಡಿಗೂ ಕಳಿಸಬೇಡಿ.

ಬ್ರೋಶರನ್ನು ಈಗಲೇ ಬದಲಿಸಿ. ಇದು ಅವಸರದ ವಿಷಯ, ಯಾಕೆಂದರೆ ಮಕ್ಕಳ ಬೇಸಿಗೆ ರಜೆಗೆ ಏಪ್ರಿಲ್ ಬ್ಯಾಚ್ ಅಂತ ಅದೇ ನಡಿಗೆ ಸಫಾರಿ, ಅದೇ ಬಿಗ್ ಫೈವ್ ಗ್ಯಾರಂಟಿ ಹಾಕಿ ಜಾಹೀರಾತು ಬಿಟ್ಟಿದ್ದೀರಿ. ನಮಗೆ ಬೇಸಿಗೆ ಇರುವಾಗ ಅಲ್ಲಿ ಮಳೆಗಾಲ ಆಗಷ್ಟೇ ಮುಗಿಯುತ್ತಿರುತ್ತದೆ. ಹೊಳೆ ತುಂಬಿರುತ್ತೆ, ಎರೆಮಣ್ಣಿನ ದಾರಿಯಲ್ಲಿ ಜೀಪ್ ಹೂತು ಹೋಗುತ್ತೆ, ಹುಲ್ಲು ಆಳೆತ್ತರ ಬೆಳೆದಿರುತ್ತೆ, ಕಾಡಿನೊಳಗಿನ ಎಷ್ಟೋ ಕ್ಯಾಂಪುಗಳು ಬಾಗಿಲು ಹಾಕಿರುತ್ತವೆ. ನಡಿಗೆಗೆ ಸರಿಯಾದ ಕಾಲ ಜೂನ್‌ನಿಂದ ಅಕ್ಟೋಬರ್. ಮಳೆಗಾಲದ ಲುವಾಂಗ್ವಾ ಹಸಿರಾಗಿ ಚೆನ್ನಾಗಿರುತ್ತೆ, ಹಕ್ಕಿ ನೋಡುವವರಿಗೆ ಹಬ್ಬ, ಅದನ್ನು ಹಾಗೇ ಹೇಳಿ ಮಾರಿ, ಜನ ಬರುತ್ತಾರೆ. ಈಗಾಗಲೇ ಮುಂಗಡ ಕಟ್ಟಿದವರಿಗೆ ಫೋನ್ ಮಾಡಿ ನಿಜ ಹೇಳಿ, ಬೇಡ ಅಂದವರಿಗೆ ದುಡ್ಡು ಹಿಂದಿರುಗಿಸಿ.

ಹದಿನೈದು ದಿನದೊಳಗೆ ಬರವಣಿಗೆಯಲ್ಲಿ ಉತ್ತರ ಬೇಕು. ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸುತ್ತೇನೆ, ಆಮೇಲೆ 2019ರ ಗ್ರಾಹಕ ರಕ್ಷಣಾ ಕಾಯ್ದೆ ಪ್ರಕಾರ ಮೈಸೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ನಿಮ್ಮ ಆಫೀಸ್ ಬೆಂಗಳೂರಿನಲ್ಲಿದ್ದರೂ ನಾನಿರುವ ಊರಲ್ಲೇ ಕೇಸ್ ಹಾಕಬಹುದು, ವಿಚಾರಿಸಿದ್ದೇನೆ. ಬ್ರೋಶರ್, ದಿನಚರಿ ಪಟ್ಟಿ, ದುಡ್ಡು ಕಟ್ಟಿದ ರಸೀದಿ, ಗ್ರೂಪಿನ ಮೆಸೇಜುಗಳು ಎಲ್ಲವನ್ನೂ ಇಟ್ಟುಕೊಂಡಿದ್ದೇನೆ, ಪ್ರತಿಗಳು ಈ ಪತ್ರದ ಜೊತೆ ಇವೆ. ನನ್ನ ಬುಕಿಂಗ್ ನಂಬರ್ ರಸೀದಿಯ ಮೇಲೆ ಇದೆ, ಫೋನ್ ನಂಬರ್ ನಿಮ್ಮ ಹತ್ತಿರವೇ ಇದೆ.

ಇಂತಿ,
ದಸರಾ ಬ್ಯಾಚಿನ ಪ್ರಯಾಣಿಕರಲ್ಲಿ ಒಬ್ಬಳು, ಮೈಸೂರು