ಬಾಡಿಗೆ ಕರಾರು ಓದಲು ಬರುವ ಭಾಷೆಯಲ್ಲಿ ಇರಲಿ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಓದುಗರ ಪತ್ರಗಳಲ್ಲಿ ಒಬ್ಬರು ಕ್ವಾರ್ಟರ್ಸ್ (ನಮ್ಮಲ್ಲಿ ಬಾಡಿಗೆ ರೂಮುಗಳ ಸಾಲಿಗೆ ಹೀಗೆ ಹೇಳುವುದು) ಬಾಡಿಗೆ ಏರಿದ ಬಗ್ಗೆ ಬರೆದಿದ್ದರು. ಅದರಲ್ಲಿ ಅರ್ಧ ನಿಜವೇ. ಆದರೆ ಕೊನೆಗೆ ಬಾಡಿಗೆಗೆ ಕೊಡುವವರೆಲ್ಲ ‘ಕೂತು ತಿನ್ನುವವರು’ ಅಂದುಬಿಟ್ಟರು. ಆ ಹೊತ್ತಿಗೆ ನಾನು ಕೂತಿರಲಿಲ್ಲ. ಸೀತಾಂಗೋಳಿಯ ನನ್ನ ಕ್ವಾರ್ಟರ್ಸಿನ ಟೆರೇಸ್ ಮೇಲೆ ನೀರಿನ ಟ್ಯಾಂಕಿಗೆ ಮೊಣಕೈವರೆಗೆ ಕೈ ಹಾಕಿ, ವಾಲ್ವಿಗೆ ಸಿಕ್ಕಿದ ಪಾಚಿ ತೆಗೆಯುತ್ತಿದ್ದೆ. ಪತ್ರಿಕೆಯನ್ನು ಓದಿ ಹೇಳಿದ್ದು ಕೆಳಗಿನ ರೂಮಿನ ಹುಡುಗಿ. ಅವಳಿಗೆ ನಗು ತಡೆಯಲಿಲ್ಲ.

ನಾನು ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆಯವಳು. 22 ವರ್ಷದಿಂದ ಅಂಚೆ ಕಚೇರಿಯ ಆರ್.ಡಿ. (ತಿಂಗಳ ಕಂತಿನ ಉಳಿತಾಯ) ಏಜೆಂಟ್. ಮನೆ ಮನೆಗೆ ಹೋಗಿ ತಿಂಗಳ ಕಂತು ವಸೂಲು ಮಾಡುವ ಕೆಲಸ. ಹಾಗಾಗಿ ಬಡ್ಡಿ ಲೆಕ್ಕ ಬೆರಳ ತುದಿಯಲ್ಲಿ ಉಂಟು. ಬಾಡಿಗೆ ವ್ಯವಹಾರ ಮಾತ್ರ ಬೆರಳು ಸುಟ್ಟುಕೊಂಡೇ ಕಲಿತದ್ದು.

2019ರಲ್ಲಿ ನನ್ನ ತವರಿನ ಪಾಲಿನ ಹಣ ಮತ್ತು ಯಜಮಾನರ ಪಿ.ಎಫ್. ಸೇರಿಸಿ ಎಂಟು ಸೆಂಟ್ಸ್ ಜಾಗ ತೆಗೆದುಕೊಂಡೆವು, ಅದರಲ್ಲಿ ನಾಲ್ಕು ರೂಮಿನ ಕ್ವಾರ್ಟರ್ಸ್. ಮಾವ ಬದುಕಿದ್ದರೆ ಬಿಡುತ್ತಿರಲಿಲ್ಲ. 1970ರ ಜನವರಿ 1ರಿಂದ ಕೇರಳದಲ್ಲಿ ಗೇಣಿಯೇ ರದ್ದಾಯಿತಲ್ಲ, ಚಾಲಗೇಣಿಗೆ (ಕಾಯಂ ಅಲ್ಲದ ಗೇಣಿಗೆ) ಕೊಟ್ಟಿದ್ದ ಗದ್ದೆ ಆಗ ಅವರ ಕೈ ತಪ್ಪಿತ್ತು. ಆಮೇಲೆ ಬೇರೆಯವರನ್ನು ಒಂದು ಕೊಟ್ಟಿಗೆಯಲ್ಲಿ ಕೂರಿಸಲೂ ಅವರಿಗೆ ಹೆದರಿಕೆ. ಗದ್ದೆಯ ಕಾನೂನು ಬೇರೆ, ಮನೆ ಬಾಡಿಗೆಯದ್ದು ಬೇರೆ ಅಂತ ಎಷ್ಟು ಹೇಳಿದರೂ ಕೇಳುವ ಜನ ಅಲ್ಲ. ಈ ಭಯ ನಮ್ಮ ಕಡೆ ಈಗಲೂ ಉಂಟು. ಎಷ್ಟೋ ಮನೆಗಳು ಬೀಗ ಹಾಕಿಕೊಂಡು ಗೆದ್ದಲು ಹಿಡಿದು ಬಿದ್ದಿರುವುದು ಇದಕ್ಕೇ.

ಜಾಗ ನೋಡಲು ನಾನು ಬೇಕೆಂದೇ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಹೋದೆ, ಜಡಿಮಳೆಗೆ. ಬ್ರೋಕರ್ ಬೇಡ ಅಂದಿದ್ದರು, ಬಿಸಿಲು ಬರಲಿ ಅಕ್ಕ ಅಂದಿದ್ದರು. ನನ್ನ ಗುರ್ತದ ಮೇಸ್ತ್ರಿಯನ್ನೂ ಕರಕೊಂಡು ಹೋಗಿದ್ದೆ. ಮೂರನೇ ನಂಬರ್ ರೂಮಿನ ಗೋಡೆಗೆ ಐದು ರೂಪಾಯಿ ನಾಣ್ಯದಲ್ಲಿ ಸುಮ್ನೆ ಒಮ್ಮೆ ಗೀರಿದೆ. ಹಪ್ಪಳದ ಹಾಗೆ ಗಾರೆ ಉದುರಿತು. ಒಳಗಿನ ಮುರಕಲ್ಲು ಒದ್ದೆ.

“ಒಂದು ಕೋಟ್ ಪೈಂಟ್ ಹೊಡೆದರೆ ಆಯ್ತಕ್ಕ” ಅಂದರು ಬ್ರೋಕರ್.

“ಹಾಗಾದರೆ ಹೊಡೆಸಿಯೇ ಕೊಡಿ. ಮುಂದಿನ ಆಟಿಯಲ್ಲೂ ಗೋಡೆ ಒಣಗಿಯೇ ಇದ್ದರೆ ಕೇಳಿದಷ್ಟು ಕೊಡ್ತೇನೆ” ಅಂದೆ.

ಕೇಳಿದ್ದು 26 ಲಕ್ಷ. ಮೇಸ್ತ್ರಿ ಟೆರೇಸಿಗೆ, ಗೋಡೆಗೆ, ಕಕ್ಕಸಿನ ಪೈಪಿಗೆ ಎಂತೆಲ್ಲ ಆಗಬೇಕೆಂದು ಒಂದು ಕಾಗದದಲ್ಲಿ ಬರೆದುಕೊಟ್ಟರು. ಬಾಯಿಮಾತಿನ ಚೌಕಾಶಿಗಿಂತ ಆ ಕಾಗದವೇ ಜಾಸ್ತಿ ಕೆಲಸ ಮಾಡಿತು. 22.5 ಲಕ್ಷಕ್ಕೆ ನಿಂತಿತು. ಆಮೇಲೆ ಮಾರುವವರದ್ದು ಇನ್ನೊಂದು ರಾಗ: ಆಧಾರದಲ್ಲಿ (ಕ್ರಯಪತ್ರದಲ್ಲಿ) 14 ಲಕ್ಷ ತೋರಿಸೋಣ, ಉಳಿದದ್ದು ಕೈಗೆ ಕೊಡಿ. ನಮ್ಮಲ್ಲಿ ಇದು ಮಾಮೂಲು. ಮುದ್ರಾಂಕ ಶುಲ್ಕ ನೂರಕ್ಕೆ 8, ನೋಂದಣಿ ಶುಲ್ಕ 2, ಒಟ್ಟು 10 ಅಂದಾಗ ಯಾರಿಗೂ ಆಸೆ ಆಗ್ತದೆ. ಆದರೆ ಜಾಗದ ವ್ಯವಹಾರದಲ್ಲಿ 20,000 ರೂಪಾಯಿ ದಾಟಿದ ನಗದಿಗೆ ಆದಾಯ ತೆರಿಗೆಯ ಕಾನೂನು ಬಿಡುವುದಿಲ್ಲ. ನಾಳೆ ನಾವೇ ಮಾರುವಾಗ ಲಾಭದ ಲೆಕ್ಕ ಹಾಕುವುದೂ ಆಧಾರದಲ್ಲಿ ಬರೆದ 14 ಲಕ್ಷದಿಂದಲೇ. ಆಗುವುದಿಲ್ಲ ಅಂದೆ. ಎರಡು ದಿನ ಅವರು ಫೋನ್ ಎತ್ತಲಿಲ್ಲ. ಮೂರನೇ ದಿನ ಅವರೇ ಮಾಡಿದರು.

ಇಷ್ಟೆಲ್ಲ ಜಾಣತನ ಮಾಡಿದವಳು ಎಡವಿದ್ದು ಎಲ್ಲಿ ಗೊತ್ತಾ? ಬಾವಿಯಲ್ಲಿ. ಆಟಿಯಲ್ಲಿ ನೋಡಿದರೆ ಯಾವ ಬಾವಿ ತುಂಬಿರುವುದಿಲ್ಲ ಹೇಳಿ. ಕೈಯಲ್ಲಿ ಮೊಗೆಯುವ ಹಾಗಿತ್ತು ನೀರು. ಮರುವರ್ಷ ಏಪ್ರಿಲಿನಲ್ಲಿ ವಿಷು ಹಬ್ಬ ಕಳೆದದ್ದೇ ತಳ ಕಂಡಿತು. ಪಾರೆ (ಕಲ್ಲುಹಾಸಿನ) ಜಾಗ, ನೀರು ನಿಲ್ಲುವುದಿಲ್ಲ. ಟ್ಯಾಂಕರ್ ತರಿಸಲು ಶುರು ಮಾಡಿದೆ. ಅದೇ ವಾರ ಮೂಡು ಬದಿಯ ಮನೆಯ ಅಜ್ಜಿ ಕೊಡಪಾನ ಹಿಡಿದುಕೊಂಡು ಬಂದು, ಇದ್ದ ನಾಲ್ಕು ಕೊಡ ನೀರಿಗೂ ಹಗ್ಗ ಇಳಿಸಿದರು. ನಾನು ಸ್ವಲ್ಪ ಜೋರಾಗಿಯೇ ಮಾತಾಡಿದೆ. ಅವರು ಸಿಟ್ಟಾಗಲಿಲ್ಲ. “ಮೋಳೇ (ಮಗಳೇ), ನನ್ನ ಅತ್ತೆಯ ಕಾಲದಿಂದ ಸೇದುವುದು. ಕಾಗದದಲ್ಲಿ ಉಂಟು, ನೋಡು” ಅಂದರು.

ಮನೆಗೆ ಬಂದು ಟ್ರಂಕಿನಿಂದ ಮುನ್ನಾಧಾರ, ಅಂದರೆ ಈ ಜಾಗದ ಹಿಂದಿನ ಕ್ರಯಪತ್ರ, ತೆಗೆದೆ. 1948ರದ್ದು. ಆಗ ನಾವು ಮದ್ರಾಸ್ ಸರಕಾರದ ದಕ್ಷಿಣ ಕನ್ನಡ ಜಿಲ್ಲೆ ಅಲ್ವಾ, ಪೂರಾ ಕನ್ನಡದಲ್ಲೇ ಉಂಟು. ಶಾಯಿ ಕಂದು ತಿರುಗಿದೆ, ಅಕ್ಷರ ಒಂದಕ್ಕೊಂದು ತಗುಲಿಕೊಂಡಿದೆ. ಭೂತಕನ್ನಡಿ ಹಿಡಿದು ಅರ್ಧ ಗಂಟೆ ಓದಿದೆ. ನಾಲ್ಕನೇ ಪುಟದಲ್ಲಿ, ಮಾಮೂಲು ದಾರಿಯ ವಿಷಯ ಮುಗಿದ ಮೇಲೆ, ಮೂಡು ಬದಿಯ ಹಿತ್ತಿಲಿನವರಿಗೆ ಈ ಬಾವಿಯ ನೀರಿನ ಹಕ್ಕು ಉಂಟೆಂದು ಸ್ಪಷ್ಟವಾಗಿ ಬರೆದಿದೆ. ನಾನು ಕೊಂಡ ಆಧಾರ ಮಲಯಾಳದಲ್ಲಿ. ಅದರಲ್ಲಿ ಈ ಸಾಲೇ ಇಲ್ಲ. ಬರೆದುಕೊಟ್ಟವರಿಗೆ ಕನ್ನಡ ಓದಲು ಬರುವುದಿಲ್ಲ, ಅವರು ಹಿಂದಿನ ಮಲಯಾಳ ಆಧಾರದಿಂದ ಇಳಿಸಿದ್ದಾರೆ. ವಕೀಲರು ಬಾಧ್ಯತಾ ಸರ್ಟಿಫಿಕೇಟಿನಲ್ಲಿ 30 ವರ್ಷದ ಸಾಲ ನೋಡಿ ಸರಿ ಉಂಟು ಅಂದರು. ಸರಕಾರದ ಗದ್ದೆಗಳ ಪಟ್ಟಿಯಾದ ಡಾಟಾ ಬ್ಯಾಂಕಿನಲ್ಲಿ ಗದ್ದೆ ಅಂತ ಬಿದ್ದಿಲ್ಲ ತಾನೇ ಎಂದು ನೋಡಿದ್ದೆ, ಪೋಕ್ಕುವರವು (ಖಾತೆ ಬದಲಾವಣೆ) ಮಾಡಿಸಿ ತಂಡಪೇರು (ಕಂದಾಯದ ಖಾತೆ) ನನ್ನ ಹೆಸರಿಗೆ ಬಂದದ್ದೂ ನೋಡಿದ್ದೆ. ಕನ್ನಡ ಶಾಲೆಯಲ್ಲಿ ಕಲಿತ ನಾನೇ ಮನೆಯಲ್ಲಿದ್ದ ಕನ್ನಡ ಕಾಗದ ಬಿಡಿಸಿ ನೋಡಿರಲಿಲ್ಲ. ಇದಕ್ಕೆ ಯಾರನ್ನು ಬೈಯುವುದು?

ಅಜ್ಜಿಯ ಹತ್ತಿರ ಹೋಗಿ ಚಾ ಕುಡಿದು ಬಂದೆ. ಬೇಸಿಗೆಯಲ್ಲಿ ಬೆಳಿಗ್ಗೆ 7ರವರೆಗೆ ಅವರು, ಆಮೇಲೆ ನಮ್ಮ ರೂಮಿನವರು. ಅವರ ಮೊಮ್ಮಗ ಮಲಯಾಳದಲ್ಲಿ ಬರೆದ, ನಾನು ಕೆಳಗೆ ಕನ್ನಡದಲ್ಲಿ ಬರೆದೆ. ಇಬ್ಬರೂ ಸಹಿ ಹಾಕಿದೆವು. ಆಮೇಲೆ ತಕರಾರಿಲ್ಲ.

ಬಾಡಿಗೆಗೆ ಬಂದವರ ಜೊತೆ ಇಷ್ಟು ಬುದ್ಧಿ ಬರಲು ಇನ್ನೂ ಮೂರು ವರ್ಷ ಹೋಯಿತು. ಸೀತಾಂಗೋಳಿಯಲ್ಲಿ ಕಿನ್‌ಫ್ರಾ ಕೈಗಾರಿಕಾ ಪಾರ್ಕ್, ಎಚ್.ಎ.ಎಲ್. ಕಾರ್ಖಾನೆ ಇರುವುದರಿಂದ ರೂಮಿಗೆ ಜನ ಸಿಗ್ತಾರೆ. ಬಂದವರಿಗೆ ಕೀ ಕೊಡುವುದು, ಅಡ್ವಾನ್ಸ್ ತೆಗೆದುಕೊಳ್ಳುವುದು, ಅಷ್ಟೇ. ಬರವಣಿಗೆ ಇಲ್ಲ. ಒಬ್ಬ ಕಂಟ್ರಾಕ್ಟರ್ ನಾಲ್ಕು ಜನಕ್ಕೆ ಅಂತ ರೂಮ್ ಹಿಡಿದು ಹನ್ನೊಂದು ಜನರನ್ನು ಮಲಗಿಸಿದರು. ಕೇಳಿದರೆ “ನಾಲ್ಕೇ ಅಂತ ನಾನು ಯಾವಾಗ ಹೇಳಿದೆ?”

ಎರಡನೇ ರೂಮಿನ ಸಂಸಾರ ಐದು ತಿಂಗಳು ಬಾಡಿಗೆ ಕೊಡಲಿಲ್ಲ. ವಕೀಲರು ವಿವರಿಸಿದರು: 1965ರ ಕೇರಳ ಬಾಡಿಗೆ ನಿಯಂತ್ರಣ ಕಾನೂನು ಅನ್ವಯವಾಗುವಲ್ಲಿ ಬಾಕಿಗಾಗಿ ಬಿಡಿಸಬೇಕಾದರೆ ಮೊದಲು ರಿಜಿಸ್ಟರ್ಡ್ ನೋಟೀಸ್ ಕಳಿಸಬೇಕು. ಅದು ಕೈಸೇರಿ 15 ದಿನದೊಳಗೆ ಬಾಕಿ, ಅದಕ್ಕೆ ನೂರಕ್ಕೆ 6ರ ಬಡ್ಡಿ ಮತ್ತು ನೋಟೀಸಿನ ಅಂಚೆ ಖರ್ಚು ಕೊಟ್ಟರೆ ಮುಗಿಯಿತು, ಬಿಡಿಸುವ ಹಾಗಿಲ್ಲ. ಅಂಚೆ ಖರ್ಚನ್ನೂ ಲೆಕ್ಕಕ್ಕೆ ಹಿಡಿದವರ ಮೇಲೆ ನನಗೆ ಸ್ವಲ್ಪ ಗೌರವ ಬಂತು. ಸಿಟ್ಟಿನಲ್ಲಿ ಕರೆಂಟ್, ನೀರು ಕಡಿಯಲು ಹೋಗಬೇಡಿ, ತಪ್ಪು ನಿಮ್ಮ ತಲೆಗೇ ಬರ್ತದೆ ಅಂತಲೂ ಹೇಳಿದರು. ನಾನು ಕೋರ್ಟಿಗೆ ಹೋಗಲಿಲ್ಲ. ಅವರ ಗಂಡಸಿನ ಕೆಲಸ ಹೋಗಿತ್ತು, ಅದು ನನಗೂ ಗೊತ್ತು. ಎರಡು ತಿಂಗಳದ್ದು ಬಿಟ್ಟುಕೊಟ್ಟು ರಾಜಿ ಮಾಡಿದೆ. ಆಗ ಅಡ್ವಾನ್ಸಿನ ಜಗಳ. ನಾನು ತೆಗೆದುಕೊಂಡದ್ದು 5,000, ಅವರು ಹೇಳುವುದು 15,000. ಅವರು ಬೇಕೆಂದೇ ಸುಳ್ಳು ಹೇಳಿದರೆಂದು ಈಗಲೂ ನನಗೆ ಅನ್ನಿಸುವುದಿಲ್ಲ. ಗಂಡ ತನ್ನ ಹೆಂಡತಿಗೆ ಒಂದು ಲೆಕ್ಕ ಹೇಳಿರಬೇಕು, ನನಗೆ ಒಂದು ಕೊಟ್ಟಿರಬೇಕು. ರಶೀದಿ ಇಲ್ಲದ ಮೇಲೆ ಎಂತ ಮಾಡುವುದು? ಅವರು ಹೋಗಿ 20 ದಿನಕ್ಕೆ ಕರೆಂಟ್ ಬಿಲ್ಲು ಬಂತು, 1,840 ರೂಪಾಯಿ. ನಮ್ಮಲ್ಲಿ ಬಿಲ್ಲು ಎರಡು ತಿಂಗಳಿಗೊಮ್ಮೆ ಅಲ್ವಾ. ಈಗ ಕೀ ಕೊಡುವ ದಿನ, ತೆಗೆದುಕೊಳ್ಳುವ ದಿನ, ಮೀಟರಿನ ಫೋಟೊ ಹೊಡೆದುಕೊಳ್ಳುತ್ತೇನೆ.

ನನ್ನ ಕಡೆಯಿಂದಲೂ ಅನ್ಯಾಯ ಆಗಿದೆ, ಬರೆದುಬಿಡುತ್ತೇನೆ. ತೆಂಕಣ ಜಿಲ್ಲೆಯಿಂದ ವರ್ಗವಾಗಿ ಬಂದ ಒಬ್ಬ ಟೀಚರ್ ಒಂದೂವರೆ ವರ್ಷ ಇದ್ದರು. ಹೋಗುವಾಗ ಪೈಂಟಿಂಗಿಗೆ ಅಂತ ಅವರ ಅಡ್ವಾನ್ಸಿನಿಂದ 4,000 ಮುರಿದುಕೊಂಡೆ. ಎಲ್ಲರೂ ಮುರಿದುಕೊಳ್ಳುತ್ತಾರೆ. ಅವರು ಜಗಳ ಮಾಡಲಿಲ್ಲ. “ಚೇಚಿ (ಅಕ್ಕ), ಬರುವಾಗಲೇ ಹೇಳಿದ್ದರೆ ನಾನು ಗೋಡೆಗೆ ಮೊಳೆ ಹೊಡೆಯುತ್ತಿರಲಿಲ್ಲ” ಅಂದರು, ಅಷ್ಟೆ. ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಗೂಗಲ್ ಪೇ ಮಾಡಿದೆ.

ಇನ್ನು ಕೂತು ತಿನ್ನುವ ಲೆಕ್ಕ. ಜಾಗ 22.5 ಲಕ್ಷ, ನೋಂದಣಿಗೆ 2.25 ಲಕ್ಷ, ಬ್ರೋಕರಿಗೆ 45,000. ಒಟ್ಟು 25.2 ಲಕ್ಷ. ಈಗ ರೂಮಿಗೆ 4,500ರಂತೆ ವರ್ಷಕ್ಕೆ 2,16,000 ಬರಬೇಕು. ಹೋದ ವರ್ಷ ಒಂದು ರೂಮ್ ಮೂರು ತಿಂಗಳು ಖಾಲಿ, 13,500 ಹೋಯಿತು. ಟೆರೇಸಿಗೆ ಮತ್ತು ಪೈಂಟಿಗೆ 22,000. ಬೇಸಿಗೆಯ ಟ್ಯಾಂಕರಿಗೆ 14,000. ಸೆಪ್ಟಿಕ್ ಟ್ಯಾಂಕ್ 7,000, ಮೋಟಾರಿನ ರಿವೈಂಡಿಂಗ್ 3,800, ಪಂಚಾಯತಿನ ಕಟ್ಟಡ ತೆರಿಗೆ 4,000. ಆ ತೆರಿಗೆಯೂ 2023ರಿಂದ ವರ್ಷ ವರ್ಷ ನೂರಕ್ಕೆ 5 ಏರುತ್ತದೆ. ಉಳಿದದ್ದು 1,51,700, ನೂರಕ್ಕೆ ಆರು. ನಾನೇ ಜನರಿಗೆ ಮಾಡಿಸಿಕೊಡುವ ಅಂಚೆ ಕಚೇರಿಯ ಮಾಸಿಕ ಆದಾಯ ಯೋಜನೆಯಲ್ಲಿ 7.4 ಸಿಗುತ್ತದೆ. ಒಬ್ಬರ ಹೆಸರಲ್ಲಿ 9 ಲಕ್ಷ, ಜಂಟಿಯಾದರೆ 15 ಲಕ್ಷದವರೆಗೆ ಇಡಬಹುದು. ಕೂತು ತಿನ್ನಬೇಕಾದರೆ ಜಾಗ ಅಲ್ಲಿ ಉಂಟು. ಬಾಡಿಗೆ ಏರುತ್ತದೆ, ಜಾಗದ ಬೆಲೆಯೂ ಏರುತ್ತದೆ, ಅದಕ್ಕೇ ಇಟ್ಟುಕೊಂಡಿದ್ದೇನೆ. ಟ್ಯಾಂಕಿನ ಪಾಚಿ ತೆಗೆಯುವುದು ಇಷ್ಟ ಅಂತ ಅಲ್ಲ.

ಈಗ ಕೇಳಿಕೆಗೆ ಬರುತ್ತೇನೆ. ಒಂದು ವರ್ಷ ಮೀರಿದ ಕರಾರಿಗೆ ನೋಂದಣಿ ಕಡ್ಡಾಯ, ಅದಕ್ಕೇ ಎಲ್ಲರೂ 11 ತಿಂಗಳದ್ದು ಮಾಡುವುದು. ಅದರ ಟೈಪ್ ಮಾಡಿದ ನಮೂನೆ ಅಂಗಡಿಯಲ್ಲಿ ಸಿಗ್ತದೆ, ಮಲಯಾಳದಲ್ಲಿ ಇಲ್ಲದಿದ್ದರೆ ಇಂಗ್ಲಿಷಿನಲ್ಲಿ. ಬದಿಯಡ್ಕದ ಕಡೆಯ ಕನ್ನಡ ಅಜ್ಜನಿಗೂ ಅದು ಓದಲಿಕ್ಕಾಗದು, ಒಡಿಶಾದಿಂದ ಬಂದ ಹುಡುಗನಿಗೂ ಆಗದು. ಇಬ್ಬರೂ ಕಣ್ಣು ಮುಚ್ಚಿ ಸಹಿ ಹಾಕುತ್ತಾರೆ. ಕಾಸರಗೋಡಿನ ಪಂಚಾಯತುಗಳು ಒಂದೇ ಹಾಳೆಯ ನಮೂನೆಯನ್ನು ಕನ್ನಡ, ಮಲಯಾಳ, ಹಿಂದಿ ಮೂರರಲ್ಲೂ ಅಚ್ಚು ಹಾಕಿಸಿ ಕೌಂಟರಿನಲ್ಲಿ ಇಡಲಿ. ದೊಡ್ಡ ಖರ್ಚೇನಲ್ಲ. ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು, ಅದರಿಂದ ಯಾವುದನ್ನು ಮುರಿಯಬಹುದು, ಎಷ್ಟು ಜನ, ಮೀಟರ್ ಎಷ್ಟಕ್ಕೆ ನಿಂತಿದೆ, ಬೇಸಿಗೆಯ ನೀರು ಹೇಗೆ, ಬಿಡಲು ಎಷ್ಟು ದಿನ ಮುಂಚೆ ಹೇಳಬೇಕು. ಇಷ್ಟಿದ್ದರೆ ಸಾಕು. ಮುನ್ನಾಧಾರ ಕನ್ನಡದಲ್ಲಿದ್ದರೆ ಕನ್ನಡ ಬಲ್ಲವರು ಓದಿ ಸಾರಾಂಶ ಬರೆಯದೆ ಹೊಸ ಆಧಾರ ಆಗದ ಹಾಗೆ ಏನಾದರೂ ಮಾಡಲಿಕ್ಕಾದರೆ ಅದನ್ನೂ ಮಾಡಲಿ.

ಅಲ್ಲಿಯವರೆಗೆ ನನ್ನದೇ ಒಂದು ನಮೂನೆ ಮಾಡಿಕೊಂಡಿದ್ದೇನೆ. ಹಿಂದಿ ನನಗೆ ಅಷ್ಟಕ್ಕಷ್ಟೆ. ಬಾವಿಗೆ ಹಿಂದಿ ಶಬ್ದ ತೋಚದೆ ‘ಬಾವಿ’ ಅಂತಲೇ ನಾಗರಿಯಲ್ಲಿ ಬರೆದಿದ್ದೆ. ಒಡಿಶಾದ ಹುಡುಗ ಓದಿ, ಬೆಳಿಗ್ಗೆ ಏಳರವರೆಗೆ ಭಾಭಿಯ (ಅತ್ತಿಗೆಯ) ನೀರು ಮುಟ್ಟಬಾರದು, ಯಾವ ಭಾಭಿ ದೀದಿ ಅಂತ ಕೇಳಿದ. ಆಮೇಲೆ ಅವನೇ ಹೊಡೆದುಹಾಕಿ ‘ಕುಆಂ’ ಅಂತ ತಿದ್ದಿಕೊಟ್ಟ. ತಿದ್ದಿದ ಹಾಳೆಯ ಪ್ರತಿಯನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ. ಜಾಗ ಇದ್ದರೆ ಹಾಕಿ.

ಹೋದ ವಾರ ಬರೆದ ಓದುಗರಿಗೆ ಒಂದು ಮಾತು. ಮೂರನೇ ನಂಬರ್ ರೂಮ್ ಈಗ ಖಾಲಿ ಉಂಟು. ಗೋಡೆ ಒಣಗಿದೆ, ನಾಣ್ಯದಲ್ಲಿ ಗೀರಿ ನೋಡಬಹುದು. ಅಡ್ವಾನ್ಸ್ ಎರಡು ತಿಂಗಳದ್ದು, ರಶೀದಿ ಕೊಡುತ್ತೇನೆ.

ಇತಿ,
ಒಬ್ಬಳು ಆರ್.ಡಿ. ಏಜೆಂಟ್, ಕುಂಬಳೆ