ಕ್ರಾಂತಿ ಅಂತ ಬರೆಯುವ ಮೊದಲು

ಪ್ರೀತಿಯ ಮಗಳೇ,

ಕೊಡಗಿನ ಸಿದ್ದಾಪುರದಿಂದ ನೀನು ಕಳಿಸಿದ ಕಥೆಗಳನ್ನೆಲ್ಲ ಓದಿದೆ. ‘ಇನ್ನು ಮುಂದೆ ಬರೆಯಲ್ಲ’ ಅಂತ ಕೊನೆಗೆ ಗೀಚಿದ್ದೀಯಲ್ಲ, ಸಿಟ್ಟು ಬಂತು. ಪ್ರಕಾಶಕರು, ಬಹುಮಾನ, ಕಾಗುಣಿತ ಎಲ್ಲ ಬೇರೆಯವರನ್ನು ಕೇಳು. ನನಗೆ ನಿನ್ನ ಲೈನ್ ಮನೆ ಕಥೆಯ, ಅಂದರೆ ತೋಟದ ಕೂಲಿಯವರ ಸಾಲು ಮನೆಯ ಕಥೆಯ ಬಗ್ಗೆ ಮಾತ್ರ ಹೇಳಬೇಕಿದೆ.

ಕಥೆಯ ಅಮ್ಮ ಮಾಲೀಕರ ಹತ್ತಿರ ಮುಂಗಡ ತಗೊಂಡಿದ್ದಾಳೆ. ಕಾಫಿ ಕೊಯ್ಲು ಮುಗಿಯುವ ತನಕ ತೋಟ ಬಿಡುವ ಹಾಗಿಲ್ಲ. ತೋಟದ ಲೆಕ್ಕ ಬರೆಯುವ ರೈಟರ್ ಪುಸ್ತಕ ತೆಗೆದು ಅವಳ ಹೆಸರು ಕೂಗುತ್ತಾನೆ, ಜ್ವರದ ಮಗುವನ್ನು ಬಿಟ್ಟು ಎದ್ದು ಬರುತ್ತಾಳೆ. ಅಲ್ಲಿಯವರೆಗೆ ಎಷ್ಟು ಚೆನ್ನಾಗಿದೆ! ಆಮೇಲೆ ‘ಶೋಷಣೆಯ ಸಂಕೋಲೆ’, ‘ಪ್ರಭುತ್ವದ ಕ್ರೌರ್ಯ’, ‘ಕ್ರಾಂತಿಯ ಕಿಡಿ’. ಆ ಹೆಂಗಸು ಎಲ್ಲಿ ಹೋದಳು? ಮುಂಗಡ ಎಷ್ಟು, ಎಷ್ಟು ತೀರಿತು, ಲೆಕ್ಕ ಯಾರ ಕೈಯಲ್ಲಿದೆ? ಅದನ್ನು ಬರೆ. ಜೀತ 1976ರ ಕಾಯ್ದೆಯಲ್ಲಿ ರದ್ದಾಯಿತು. ಸಾಲ ತೀರುವ ತನಕ ದುಡಿಯುವವಳನ್ನು ರೈಟರ್ ತನ್ನ ಪುಸ್ತಕದಲ್ಲಿ ಜೀತದಾಳು ಅಂತ ಬರೆಯುವುದಿಲ್ಲ. ಅಧಿಕಾರ ಇರುವುದೇ ಆ ಪುಸ್ತಕದಲ್ಲಿ ಅಲ್ವಾ?

ಆ ದೊಡ್ಡ ಪದಗಳ ಮೇಲೆ ನನಗೆ ದ್ವೇಷವಿಲ್ಲ. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದಾಗ ಅವುಗಳಲ್ಲಿ ಬಿಸಿ ಇತ್ತು. ತುರ್ತು ಪರಿಸ್ಥಿತಿ ಮುಗಿದು ಜಾಸ್ತಿ ಕಾಲ ಆಗಿರಲಿಲ್ಲ. ಈಗ ಅದೇ ಪದಗಳನ್ನು ಅಧಿಕಾರದಲ್ಲಿ ಇರುವವರೂ ಭಾಷಣದಲ್ಲಿ ಆಡುತ್ತಾರೆ. ಯಾರಿಗೂ ಚುಚ್ಚುವುದಿಲ್ಲ.

ಒಂದು ಹಳೆಯ ಕೋಪ ಹೇಳುತ್ತೇನೆ. ನನ್ನ ಮೊದಲ ಕಥೆಯ ಕೊನೆಗೆ ಒಂದು ಪತ್ರಿಕೆಯವರು ತಾವೇ ಕೆಂಪು ಬಾವುಟ ಹಾರಿಸಿ ಅಚ್ಚು ಹಾಕಿದರು. ನಾನು ಬರೆದಿದ್ದು, ಹೆಂಗಸರು ಕೆಲಸಕ್ಕೆ ಹೋಗದೆ ಲೈನ್ ಮುಂದೆ ಸುಮ್ನೆ ಕೂತಿದ್ದರು ಅಂತ. ಕೂಲಿ ಹೋದರೂ ಏಳಲಿಲ್ಲ. ಅದಕ್ಕೆ ಎಷ್ಟು ಧೈರ್ಯ ಬೇಕು ಅಂತ ಅವರಿಗೆ ಗೊತ್ತೇ ಆಗಲಿಲ್ಲ. ಇವತ್ತಿಗೂ ಆ ಸಿಟ್ಟು ಆರಿಲ್ಲ.

ದೊಡ್ಡ ಹೆಸರಿನ ಒಳಗೆ ಏನಿತ್ತು ನೋಡು. ಬ್ರಿಟಿಷರ ವಿರುದ್ಧ ದಂಗೆ ಎದ್ದ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು 1837ರಲ್ಲಿ ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಿದರು. ನಾವು ಸ್ವಾತಂತ್ರ್ಯ ಹೋರಾಟ ಅನ್ನುತ್ತೇವೆ, ಸರಿ. ಆದರೆ ರೈತರನ್ನು ಕೆರಳಿಸಿದ್ದು ದವಸದ ಬದಲು ಹಣದಲ್ಲೇ ಕಟ್ಟಬೇಕು ಅಂದ ಕಂದಾಯ. ಕೈಯಲ್ಲಿ ನಾಣ್ಯ ಇಲ್ಲದವನು ಏನು ಮಾಡಬೇಕು? ಅದೇ ದಂಗೆಗೆ ಕರಾವಳಿ ಕಡೆ ‘ಕಲ್ಯಾಣಪ್ಪನ ಕಾಟಕಾಯಿ’, ಅಂದರೆ ಕಲ್ಯಾಣಪ್ಪನ ದಾಳಿ ಅನ್ನುವ ಹೆಸರು ಉಳಿಯಿತು. ಬ್ರಿಟಿಷರ ಪರ ನಿಂತ ಕೊಡವರಿಗೆ ಪದಕ ಸಿಕ್ಕಿತು. 2016ರ ಡಿಸೆಂಬರಿನಲ್ಲಿ ಕೊಡಗಿನದೇ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲು ಕೆಡವಿದಾಗ ಅಧಿಕಾರಿಗಳ ಬಾಯಲ್ಲಿ ಅದು ‘ಒತ್ತುವರಿ ತೆರವು’. ಅಷ್ಟು ತಣ್ಣಗಿನ ಮಾತಿಗೆ ನೀನು ‘ಪ್ರಭುತ್ವದ ಕ್ರೌರ್ಯ’ ಅಂತ ಉತ್ತರ ಕೊಟ್ಟರೆ ಸಾಲದು. ಯಾರ ಪಾತ್ರೆ ಎಲ್ಲಿ ಬಿತ್ತು, ಆ ರಾತ್ರಿ ಮಕ್ಕಳು ಎಲ್ಲಿ ಮಲಗಿದರು, ಅದು ಬೇಕು. ಅದನ್ನು ಬರೆಯಲು ನಿನ್ನ ಊರಿನವರು ಬೇಕು, ನೀನು ಇದ್ದೀಯ.

ಹೊಗಳುವವರು ಆ ಕೊನೆಯ ಪುಟವನ್ನೇ ಹೊಗಳುತ್ತಾರೆ, ನೋಡುತ್ತಿರು. ಕೇಳಬೇಡ. ಅದನ್ನು ಹರಿದು ಹಾಕು. ಕೊಯ್ಲು ಮುಗಿದ ಮೇಲೆ ಬೇರೆ ತೋಟಕ್ಕೆ ಹೋಗುತ್ತೇನೆ ಅಂತ ಅವಳು ಕೇಳಲಿ, ರೈಟರ್ ಏನು ಹೇಳುತ್ತಾನೋ ಬರೆದು ಕಳಿಸು. ಮಳೆ ಹಿಡಿಯುವ ಮೊದಲು ಕಳಿಸಿದರೆ ಒಳ್ಳೆಯದು, ಆಮೇಲೆ ನಮ್ಮ ಕಡೆ ಅಂಚೆ ತಡ.