ಬರೀ ಟ್ಯೂಬ್ ತೊಳೆಯೋದೇ ಆಯ್ತು ಎಂದ ಮಗಳಿಗೆ

ಪ್ರೀತಿಯ ಮಗಳೇ,

"ಮೈಕ್ರೋಬಯಾಲಜಿಗೆ ಸೇರಿ ಇಷ್ಟು ದಿನ ಆಯ್ತು, ಇನ್ನೂ ಒಂದು ಬ್ಯಾಕ್ಟೀರಿಯಾದ ಮುಖ ನೋಡಿಲ್ಲ. ಬರೀ ಟ್ಯೂಬ್ ತೊಳಿ, ಅವಕ್ಕೆ ತಿನ್ನಲು ಮೀಡಿಯಾ ಮಾಡು, ಆಟೊಕ್ಲೇವ್ ಮುಂದೆ ಕಾಯಿ" ಅಂತ ಫೋನಿನಲ್ಲಿ ಗೊಣಗಿದೆಯಲ್ಲ, ನಾನು ನಕ್ಕಿದ್ದಕ್ಕೆ ನಿನಗೆ ಸಿಟ್ಟು ಬಂದಿರಬೇಕು. ಫೋನಿನಲ್ಲಿ ಹೇಳಹೋದರೆ ಉಪದೇಶ ಅನ್ನಿಸುತ್ತೆ. ಬರೆದರೆ ನಿನಗೆ ಬೇಕಾದಾಗ ಓದಬಹುದು, ಬೇಡವಾದರೆ ಪುಸ್ತಕದೊಳಗೆ ತುರುಕಿ ಮರೆಯಬಹುದು.

ಆಟೊಕ್ಲೇವ್‌ನಿಂದಲೇ ಶುರು ಮಾಡುತ್ತೇನೆ, ಅದೇ ಒತ್ತಡದ ಹಬೆಯಲ್ಲಿ ಸೂಕ್ಷ್ಮಜೀವಿಗಳನ್ನೆಲ್ಲ ಕೊಲ್ಲುವ ಆ ಕುಕ್ಕರಿನಂಥ ಯಂತ್ರ. 15 ಪೌಂಡ್ ಒತ್ತಡ, 121 ಡಿಗ್ರಿ, 15 ನಿಮಿಷ ಎಂದು ಎಲ್ಲರೂ ಬಾಯಿಪಾಠ ಮಾಡಿರುತ್ತಾರೆ. ನೀರು ಕುದಿಯುವ 100 ಡಿಗ್ರಿ ಯಾಕೆ ಸಾಲದು ಎಂದು ಕೇಳಿದರೆ ಅರ್ಧ ತರಗತಿ ತಲೆ ತಗ್ಗಿಸುತ್ತದೆ. ಬ್ಯಾಸಿಲಸ್, ಕ್ಲಾಸ್ಟ್ರಿಡಿಯಂ ಗುಂಪಿನ ಬ್ಯಾಕ್ಟೀರಿಯಾಗಳು ಕಷ್ಟಕಾಲ ಬಂದರೆ ಎಂಡೋಸ್ಪೋರ್ ಅನ್ನುವ ಗಟ್ಟಿ ಬೀಜದಂಥ ರೂಪ ತಾಳಿ ಮುದುಡಿ ಕೂರುತ್ತವೆ. ಅವುಗಳಲ್ಲಿ ಕೆಲವು ಕುದಿಯುವ ನೀರಿನಲ್ಲೂ ಗಂಟೆಗಟ್ಟಲೆ ಜೀವ ಹಿಡಿದಿರುತ್ತವೆ. ಅವನ್ನು ಕೊಲ್ಲುವುದು ಒತ್ತಡ ಅಲ್ಲ, ಒತ್ತಡದಿಂದ ಏರುವ ಹಬೆಯ ಬಿಸಿ. ಒಳಗಿನ ಗಾಳಿ ಪೂರ್ತಿ ಹೊರಹೋಗುವ ಮೊದಲೇ ವಾಲ್ವ್ ಮುಚ್ಚಿಬಿಟ್ಟರೆ ಮುಳ್ಳು 15 ತೋರಿಸುತ್ತಲೇ ಇರುತ್ತದೆ, ಒಳಗೆ ಮಾತ್ರ 121 ಆಗಿರುವುದಿಲ್ಲ. ಮೂರು ದಿನ ಬಿಟ್ಟು ನೀನು "ಹೊಸ ಜೀವಿ ಸಿಕ್ಕಿತು" ಎಂದು ಕುಣಿದರೆ, ಅದು ಸಾಯದೆ ಉಳಿದ ಸ್ಪೋರ್ ಆಗಿರುತ್ತದೆ ಅಷ್ಟೇ. ಅದರ ಮುಂದೆ ನಿನ್ನನ್ನು ಕಾಯುವಂತೆ ನಿಲ್ಲಿಸುವ ಮೇಷ್ಟ್ರನ್ನು ಬೈಯಬೇಡ.

ಇನ್ನು ಮೀಡಿಯಾ ಗಟ್ಟಿಯಾಗಲೆಂದು ಹಾಕುವ, ನಿನ್ನ ಕೈಗೆ ಅಂಟುವ ಆ ಅಗಾರ್. ಜರ್ಮನಿಯ ರೋಗಾಣು ವಿಜ್ಞಾನಿ ರಾಬರ್ಟ್ ಕಾಖ್‌ನ ಪ್ರಯೋಗಾಲಯದಲ್ಲಿ ಮೊದಲು ಜೆಲಟಿನ್ ಬಳಸುತ್ತಿದ್ದರು. ರೋಗಾಣುಗಳಿಗೆ ಹಿತವಾದ 37 ಡಿಗ್ರಿಗೆ ಇಟ್ಟರೆ ಅದು ಕರಗಿ ನೀರಾಗುತ್ತಿತ್ತು. ಸಾಲದ್ದಕ್ಕೆ ಕೆಲವು ಬ್ಯಾಕ್ಟೀರಿಯಾಗಳು ಅದನ್ನೇ ತಿಂದುಹಾಕುತ್ತಿದ್ದವು. ಅಲ್ಲಿ ಕೆಲಸ ಮಾಡುತ್ತಿದ್ದ ವಾಲ್ಟರ್ ಹೆಸ್ಸೆಗೆ ಅಗಾರ್ ಹಾಕಿ ನೋಡಿ ಎಂದವಳು ಅವನ ಹೆಂಡತಿ ಫ್ಯಾನಿ. ತನ್ನ ಅಡುಗೆಮನೆಯಲ್ಲಿ ಅವಳು ಅದನ್ನು ಬಳಸುತ್ತಿದ್ದಳು. ಅಗಾರ್ ಕರಗಲು ಹೆಚ್ಚುಕಡಿಮೆ ಕುದಿಯುವ ಬಿಸಿ ಬೇಕು, ಆದರೆ ಕರಗಿದ ಮೇಲೆ 40 ಡಿಗ್ರಿಯ ಆಸುಪಾಸಿಗೆ ಇಳಿಯುವವರೆಗೂ ಹೆಪ್ಪುಗಟ್ಟುವುದಿಲ್ಲ. ಈ ವಿಚಿತ್ರ ಗುಣದಿಂದಲೇ ಇಡೀ ನಮ್ಮ ಶಾಸ್ತ್ರ ನಿಂತಿದೆ ಎಂದರೆ ತಪ್ಪಾಗದು. ಕ್ಷಯದ ಬ್ಯಾಕ್ಟೀರಿಯಾ ಬಗ್ಗೆ 1882ರಲ್ಲಿ ಕಾಖ್ ಬರೆದ ಪ್ರಬಂಧದಲ್ಲಿ ಅಗಾರ್‌ನ ಮಾತು ಬರುತ್ತದೆ, ಫ್ಯಾನಿಯ ಹೆಸರು ಬರುವುದಿಲ್ಲ. 1887ರಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ಮುಚ್ಚಳದ ತಟ್ಟೆ, ಅಂದರೆ ಪೆಟ್ರಿ ಡಿಶ್ ಮಾಡಿದ ಪೆಟ್ರಿಯ ಹೆಸರು ಮಾತ್ರ ದಿನಕ್ಕೆ ನೂರು ಸಲ ಎಲ್ಲರ ಬಾಯಲ್ಲಿ. ಇದು ನನಗೆ ಈಗಲೂ ಸರಿ ಅನ್ನಿಸುವುದಿಲ್ಲ.

ನೀನು ಗ್ರಾಂ ಸ್ಟೇನ್‌ಗೆ ಬರುವ ದಿನ ದೂರವಿಲ್ಲ, ಬಣ್ಣ ಹಾಕಿ ಬ್ಯಾಕ್ಟೀರಿಯಾಗಳನ್ನು ನೇರಳೆ (ಗ್ರಾಂ ಪಾಸಿಟಿವ್), ಗುಲಾಬಿ (ಗ್ರಾಂ ನೆಗೆಟಿವ್) ಎಂದು ಬೇರ್ಪಡಿಸುವ ವಿಧಾನ ಅದು. ಅದರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ, ಯಾಕೆಂದರೆ ಮುಂದೆ ಯಾರು ಕೆಲಸಕ್ಕೆ ಬರುತ್ತಾರೆ, ಯಾರು ಬರುವುದಿಲ್ಲ ಎಂಬುದು ನನಗೆ ಅಲ್ಲೇ ಗೊತ್ತಾಗಿಬಿಡುತ್ತದೆ. ಬ್ಯಾಕ್ಟೀರಿಯಾವನ್ನು ಸ್ಲೈಡಿನ ಮೇಲೆ ಸ್ಮಿಯರ್ ಆಗಿ ತೆಳ್ಳಗೆ ಹರಡು, ತಾನಾಗಿ ಒಣಗಲು ಬಿಡು, ಆಮೇಲೆ ಜ್ವಾಲೆಯ ಮೇಲೆ ಆಡಿಸು. ಕ್ರಿಸ್ಟಲ್ ವೈಲೆಟ್ ಅನ್ನುವ ನೇರಳೆ ಬಣ್ಣ, ಅಯೋಡಿನ್ ಆದಮೇಲೆ ಆಲ್ಕೊಹಾಲ್ ಬರುತ್ತದಲ್ಲ, ಸೋಲುವುದು ಅಲ್ಲೇ. ಸ್ಲೈಡನ್ನು ವಾಲಿಸಿ ಹಿಡಿದು ಹನಿಹನಿಯಾಗಿ ಬಿಡು. ಇಳಿದುಹೋಗುವ ಹನಿಯಲ್ಲಿ ನೇರಳೆ ಬಣ್ಣ ಬರುವುದು ನಿಂತ ಕೂಡಲೇ ನೀರು ಹಾಕು. ನಾಲ್ಕು ಸೆಕೆಂಡ್ ಹೆಚ್ಚಾದರೆ ನೇರಳೆಯಾಗಿ ಉಳಿಯಬೇಕಾದದ್ದೂ ಕೊನೆಗೆ ಹಾಕುವ ಸಾಫ್ರನಿನ್ ಬಣ್ಣ ಕುಡಿದು ಗುಲಾಬಿಯಾಗುತ್ತದೆ. ಕಲ್ಚರ್, ಅಂದರೆ ಬೆಳೆಸಿಟ್ಟ ಬ್ಯಾಕ್ಟೀರಿಯಾ, ಹಳೆಯದಾಗಿದ್ದರೂ ಅಷ್ಟೇ, ಗ್ರಾಂ ಪಾಸಿಟಿವ್ ಕೋಶಗಳ ಗೋಡೆ ಸಡಿಲವಾಗಿ ಬಣ್ಣ ಬಿಟ್ಟುಕೊಡುತ್ತದೆ.

ಆಗ ಏನಾಗುತ್ತದೆ ಹೇಳಲಾ? ಪುಸ್ತಕದಲ್ಲಿ ಸ್ಟ್ಯಾಫಿಲೊಕಾಕಸ್ ನೇರಳೆ ಎಂದಿದೆ, ಸ್ಲೈಡಿನಲ್ಲಿ ಗುಲಾಬಿ ಕಾಣುತ್ತಿದೆ. ಪಕ್ಕದವರ ರೆಕಾರ್ಡ್ ಕಡೆ ಒಮ್ಮೆ ಕಣ್ಣು ಹಾಯಿಸಿ ನೇರಳೆ ಎಂದು ಬರೆದು ಸಹಿ ಹಾಕಿಸಿಕೊಳ್ಳುವವರೇ ಹೆಚ್ಚು. ನೀನು ಗುಲಾಬಿ ಎಂದೇ ಬರಿ. ಕಲ್ಚರ್ ಎಷ್ಟು ಗಂಟೆ ಹಳೆಯದು, ಆಲ್ಕೊಹಾಲ್ ಎಷ್ಟು ಹೊತ್ತು ಬಿಟ್ಟೆ ಅನ್ನುವುದನ್ನೂ ಬರಿ. ಎರಡು ಅಂಕ ಹೋಗಬಹುದು, ಹೋಗಲಿ ಬಿಡು. ನನ್ನ ಕೆಲಸ ನಿನಗೆ ಗೊತ್ತೇ ಇದೆ. ಇಂಜೆಕ್ಷನ್ ಮದ್ದನ್ನು ಮೀಡಿಯಾಕ್ಕೆ ಸೇರಿಸಿ 14 ದಿನ ಕಾದು, ಕೊನೆಗೆ ಏನೂ ಬೆಳೆದಿಲ್ಲ ಎಂದು ಬರೆಯುವ ಕೆಲಸ. ಹೊರಗಿನವರಿಗೆ ಇದಕ್ಕಿಂತ ಬೇಸರದ ಉದ್ಯೋಗ ಇರಲಾರದು. ಆದರೆ ಏನೋ ಬೆಳೆದಂತೆ ಟ್ಯೂಬ್ ಒಂದಿಷ್ಟು ಮಂಕಾಗಿ ಕಂಡರೂ ಮಂಕಾಗಿದೆ ಎಂದು ಬರೆಯುವವರೇ ನನಗೆ ಬೇಕು. "ಇರಲಿಕ್ಕಿಲ್ಲ ಸರ್" ಅನ್ನುವವರು ಬೇಡ.

ಇರಲಿಕ್ಕಿಲ್ಲ ಅನ್ನುವುದರ ಕಥೆ ಇನ್ನೊಂದಿದೆ. ಹೊಟ್ಟೆಯ ಆಮ್ಲದಲ್ಲಿ ಬ್ಯಾಕ್ಟೀರಿಯಾ ನೆಲೆಸಲಾರದು ಎಂದು ವೈದ್ಯರೇ ನಂಬಿದ್ದ ಕಾಲವದು. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ರಾಬಿನ್ ವಾರೆನ್, ಬ್ಯಾರಿ ಮಾರ್ಷಲ್ ಇಬ್ಬರೂ ರೋಗಿಗಳ ಜಠರದ ಚೂರುಗಳಿಂದ ಏನಾದರೂ ಬೆಳೆದೀತೇ ಎಂದು ನೋಡುತ್ತಿದ್ದರು. ಎರಡು ದಿನ ನೋಡಿ, ಏನೂ ಬಂದಿಲ್ಲ ಎಂದು ಪ್ಲೇಟ್‌ಗಳನ್ನು ಎಸೆಯುವುದು ಅಲ್ಲಿನ ವಾಡಿಕೆ. 1982ರ ಈಸ್ಟರ್ ರಜೆಯಲ್ಲಿ ಪ್ಲೇಟ್‌ಗಳು ಇನ್‌ಕ್ಯುಬೇಟರ್‌ನಲ್ಲೇ ಉಳಿದವು, ರಜೆ ಮುಗಿಸಿ ಬಂದು ನೋಡಿದರೆ ಬ್ಯಾಕ್ಟೀರಿಯಾದ ಕಾಲೊನಿಗಳು, ಅಂದರೆ ಕಣ್ಣಿಗೆ ಕಾಣುವ ಚುಕ್ಕೆಗಳು ಎದ್ದಿದ್ದವು. ಅದೇ ಹೊಟ್ಟೆ ಹುಣ್ಣಿಗೆ ಕಾರಣವಾಗುವ, ಇವತ್ತಿನ ಹೆಲಿಕೊಬ್ಯಾಕ್ಟರ್ ಪೈಲೊರಿ. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಅದಕ್ಕೆ ಮುಂಚೆ ಎಸೆದ ಪ್ಲೇಟ್‌ಗಳನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಬಿ.ಎಸ್ಸಿ. ಹುಡುಗಿಯಿಂದ ಏನಾದೀತು ಎಂದು ಕೇಳಿದ್ದೆಯಲ್ಲ, ಅದಕ್ಕೂ ಒಂದು ಉತ್ತರ ಇದೆ. ಅಮೆರಿಕದ ಯೆಲ್ಲೊಸ್ಟೋನ್‌ನ ಬಿಸಿನೀರ ಬುಗ್ಗೆಯಿಂದ ಥರ್ಮಸ್ ಅಕ್ವಾಟಿಕಸ್ ಅನ್ನುವ ಬ್ಯಾಕ್ಟೀರಿಯಾವನ್ನು ಬೆಳೆಸಿ ತೆಗೆದವರು ಥಾಮಸ್ ಬ್ರಾಕ್ ಮತ್ತು ಹಡ್ಸನ್ ಫ್ರೀಜ್. 1969ರ ಪ್ರಬಂಧದಲ್ಲಿ ಇಬ್ಬರ ಹೆಸರೂ ಇದೆ. ಫ್ರೀಜ್ ಆ ಕೆಲಸ ಮಾಡಿದಾಗ ಇನ್ನೂ ಪದವಿ ವಿದ್ಯಾರ್ಥಿ. 95 ಡಿಗ್ರಿಯಲ್ಲೂ ಕೆಡದ ಅದರ ಕಿಣ್ವ ಬಂದ ಮೇಲೆಯೇ, ಡಿಎನ್ಎಯನ್ನು ಮತ್ತೆ ಮತ್ತೆ ಕಾಯಿಸಿ ಪ್ರತಿಗಳನ್ನು ಮಾಡುವ ಪಿಸಿಆರ್‌ನಲ್ಲಿ ಪ್ರತಿ ಸುತ್ತಿಗೂ ಹೊಸ ಕಿಣ್ವ ಸುರಿಯುವ ಗೋಳು ತಪ್ಪಿದ್ದು. ನಿನಗೂ ಹಾಗೇ ಆಗುತ್ತದೆ ಎಂದು ಹೇಳುತ್ತಿಲ್ಲ. ಯಾರಾದರೂ ಮೇಷ್ಟ್ರು ಸಂಜೆ ಹೊತ್ತು ಪ್ರಯೋಗಾಲಯದಲ್ಲಿ ಇರುತ್ತಾರಾದರೆ, ನಾಚಿಕೆ ಬಿಟ್ಟು ಹೋಗಿ "ನಾನೇನಾದರೂ ಮಾಡಲಾ" ಎಂದು ಕೇಳು.

ಡಾಕ್ಟರ್ ಓದಲು ಆಗಲಿಲ್ಲವಾ ಅಂತ ಕೇಳುವವರಿಗೆ ಉತ್ತರ ಕೊಡುವ ಗೋಜಿಗೇ ಹೋಗಬೇಡ. ಕೆಲಸದ ವಿಚಾರ ಮಾತ್ರ ಮುಚ್ಚುಮರೆ ಇಲ್ಲದೆ ಹೇಳಿಬಿಡುತ್ತೇನೆ: ಮೂರು ವರ್ಷದ ಪದವಿಗೆ ಸಿಗುವುದು ಹೆಚ್ಚಾಗಿ ಪರೀಕ್ಷಾಲಯದ ಕೆಲಸ, ಅಂದರೆ ನೀರು, ಆಹಾರ, ಔಷಧ, ರಕ್ತದ ಮಾದರಿ. ಸಂಶೋಧನೆ ಬೇಕೆಂದರೆ ಮುಂದೆ ಓದಲೇಬೇಕು. ಬಯೋಕೆಮಿಸ್ಟ್ರಿ ಕಷ್ಟ ಅನ್ನಿಸಿದರೂ ಬಿಡುವಂತಿಲ್ಲ. ಬ್ಯಾಕ್ಟೀರಿಯಾದ ಹೆಸರುಗಳು ಎಷ್ಟು ಬಾಯಿಗೆ ಬಂದರೂ, ಅದು ಏನು ತಿಂದು ಏನು ಬಿಡುತ್ತದೆ ಎಂದು ತಿಳಿಯದಿದ್ದರೆ ಆ ಹೆಸರುಗಳಿಂದ ಉಪಯೋಗವಿಲ್ಲ.

ಐಚ್ಛಿಕ ವಿಷಯ ಯಾವುದು ತಗೊಳ್ಳಲಿ ಎಂದು ಕೇಳಿದ್ದೆ. ಸ್ಟ್ಯಾಟಿಸ್ಟಿಕ್ಸ್ ತಗೋ. ಲೆಕ್ಕ ಎಂದು ಮುಖ ಸಿಂಡರಿಸಬೇಡ. ಒಂದೇ ಟ್ಯೂಬಿನಿಂದ ಮೂರು ಪ್ಲೇಟ್ ಹಾಕುತ್ತೀಯ, ಒಂದರಲ್ಲಿ 41 ಕಾಲೊನಿ, ಇನ್ನೊಂದರಲ್ಲಿ 58, ಮತ್ತೊಂದರಲ್ಲಿ 47 ಬರುತ್ತದೆ. ಇದು ಕೈಯ ತಪ್ಪೋ, ಸಹಜವಾಗಿ ಬರುವ ಏರುಪೇರೋ? 30ಕ್ಕಿಂತ ಕಡಿಮೆ ಇಲ್ಲವೇ 300ಕ್ಕಿಂತ ಹೆಚ್ಚು ಇದ್ದರೆ ಆ ಪ್ಲೇಟನ್ನು ಎಣಿಕೆಗೆ ಹಿಡಿಯಬಾರದು ಅನ್ನುತ್ತಾರಲ್ಲ, ಕಡಿಮೆಯಾದರೆ ಯಾಕೆ ಹಿಡಿಯಬಾರದು? ಇದನ್ನು ಮೈಕ್ರೋಬಯಾಲಜಿ ಪುಸ್ತಕಗಳು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗಿಬಿಡುತ್ತವೆ, ಸ್ಟ್ಯಾಟಿಸ್ಟಿಕ್ಸ್ ತರಗತಿಯಲ್ಲಿ ಕೂತು ಕಲಿಯಬೇಕು. ಫಾರ್ಮ್ ಕೊಡಲು ಕೊನೆಯ ದಿನದವರೆಗೆ ಕಾಯಬೇಡ, ಸೀಟು ತುಂಬಿಬಿಡುತ್ತದೆ.

ನಿನ್ನ,
ಅಪ್ಪ